ಮೆಣಸಿನ ಬಳ್ಳಿಯ ಬೇರುಕೊಳೆ: ಮಳೆಗೆ ಮೊದಲೇ ಮಾಡಬೇಕಾದ ಕೆಲಸ



ಅಡಿಕೆ ಮರಕ್ಕೂ ಕಾಫಿ ತೋಟದ ನೆರಳು ಮರಕ್ಕೂ ಹಬ್ಬಿಸಿದ ಮೆಣಸಿನ ಬಳ್ಳಿ ನಮ್ಮಂಥ ಸಣ್ಣ ಬೆಳೆಗಾರರ ಆಪದ್ಧನ. ಅಡಿಕೆಗೆ ಕೊಳೆ ಬಂದ ವರ್ಷ, ಕಾಫಿ ಧಾರಣೆ ಕುಸಿದ ವರ್ಷ ಮನೆಯ ಖರ್ಚು ತೂಗಿಸುವುದು ಅದೇ. ಹತ್ತು ಹನ್ನೆರಡು ವರ್ಷ ಸಾಕಿದ ಅಂಥ ಬಳ್ಳಿ ಒಂದೇ ತಿಂಗಳಲ್ಲಿ ಎಲೆ ಉದುರಿಸಿ, ಗಂಟು ಗಂಟಿಗೆ ಕಳಚಿ ಬೀಳುವುದನ್ನು ಕಾಣದ ಸದಸ್ಯರು ವಿರಳ. ಆಗಸ್ಟ್ ಬಂತೆಂದರೆ ಬಾಡಿದ ಬಳ್ಳಿಯ ತುಂಡು ಹಿಡಿದು ಸಂಘದ ಕಚೇರಿಗೆ ಬರುವವರು ಅನೇಕರು. "ಇದಕ್ಕೆ ಯಾವ ಔಷಧಿ?" ಎಂಬ ಅವರ ಪ್ರಶ್ನೆಗೆ ನಮ್ಮ ಉತ್ತರ ಕಹಿಯಾದದ್ದು. ಆ ಬಳ್ಳಿಗೆ ಇನ್ನು ಔಷಧಿಯಿಲ್ಲ. ಔಷಧಿಯ ಕಾಲ ಮಳೆ ಹಿಡಿಯುವ ಮೊದಲೇ ಇತ್ತು.

ರೋಗದ ಮೂಲ

ಶೀಘ್ರ ಸೊರಗು ರೋಗವೆಂದು ಕರೆಯುವ ಈ ಕೊಳೆಗೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಅಡಿಕೆಯ ಕೊಳೆ ರೋಗವನ್ನು ತರುವುದೂ ಇದೇ ಕುಲದ್ದು. ಮೈಸೂರು ಸಂಸ್ಥಾನದ ಸಸ್ಯರೋಗ ತಜ್ಞ ಲೆಸ್ಲಿ ಕೋಲ್‌ಮನ್ ಅವರು 1910ರಲ್ಲಿ ಅಡಿಕೆ ಕೊಳೆಯ ಕಾರಣವನ್ನು ವಿವರಿಸಿದ್ದರು. ಈ ಜೀವಿಯ ಬೀಜಕಣಗಳಿಗೆ ಬಾಲವಿದ್ದು, ಅವು ಮಣ್ಣಿನ ನೀರಿನಲ್ಲಿ ಈಜಿ ಬೇರನ್ನು ಸೇರುತ್ತವೆ. ನೀರು ನಿಂತ ಬುಡದಲ್ಲಿ ಬೇರಿಗೆ ಉಸಿರಾಡಲು ಗಾಳಿಯಿಲ್ಲ. ರೋಗಕ್ಕೋ ದಾರಿ ಸುಗಮ. ಆದ್ದರಿಂದ ಈ ರೋಗದ ಚಿಕಿತ್ಸೆ ಮೊದಲು ಗುದ್ದಲಿಯಿಂದ, ಅನಂತರ ಔಷಧಿಯಿಂದ.

ಗುರುತಿಸುವುದು ಹೇಗೆ?

ಮೊದಲ ಸೂಚನೆ ನೆಲದಲ್ಲಿ ಹರಿದಾಡುವ ಹಬ್ಬು ಬಳ್ಳಿಗಳಲ್ಲಿ. ಮಣ್ಣು ಸಿಡಿದ ಕೆಳಗಿನ ಎಲೆಗಳಲ್ಲಿ, ಅಂಚು ಎಳೆ ಎಳೆಯಾಗಿ ಹರಡಿದ ಕಪ್ಪು ಚುಕ್ಕೆ ಕಾಣುತ್ತದೆ. ಕೊಳೆ ಬುಡಕ್ಕೆ ತಗುಲಿದರೆ ಇಡೀ ಬಳ್ಳಿ ಬೇಗನೆ ಬಾಡುತ್ತದೆ. ತಂತು ಬೇರಿಗೆ ಮಾತ್ರ ತಗುಲಿದ್ದರೆ ಬಳ್ಳಿ ಕೆಲ ಕಾಲ ಹಸಿರಾಗಿಯೇ ಇದ್ದು ನಮ್ಮನ್ನು ಮೋಸಗೊಳಿಸುತ್ತದೆ. ಸಂಶಯ ಬಂದರೆ ಬುಡದ ಮಣ್ಣನ್ನು ಕೈಯಿಂದ ಸ್ವಲ್ಪ ಸರಿಸಿ ನೋಡಿರಿ. ಬೇರು ಕಪ್ಪಾಗಿ, ಬೆರಳಿಗೆ ಸಿಪ್ಪೆ ಸುಲಿದು ಬಂದರೆ ಕೊಳೆ ಆರಂಭವಾಗಿದೆಯೆಂದೇ ತಿಳಿಯಬೇಕು. ಮಳೆಗಾಲ ಕಳೆದ ಮೇಲೆ ನಿಧಾನವಾಗಿ ಹಳದಿಯಾಗುವ ಬಳ್ಳಿಯ ಕಥೆ ಬೇರೆ. ಅಲ್ಲಿ ಬೇರಿನ ಜಂತುಹುಳುವಿನ ಪಾಲು ದೊಡ್ಡದು. ಅದನ್ನು ಇದರೊಡನೆ ಬೆರೆಸಬಾರದು.

ನಮ್ಮದೇ ತಪ್ಪು

2018ರ ಆಗಸ್ಟ್ ಮಳೆಯಲ್ಲಿ ನಮ್ಮ ತೋಟದ ತಗ್ಗಿನ ಭಾಗದಲ್ಲಿ 40ಕ್ಕೂ ಹೆಚ್ಚು ಬಳ್ಳಿ ಹೋದವು. ಔಷಧಿ ಹೊಯ್ದಿದ್ದೆವು, ಆದರೆ ಬಸಿಗಾಲುವೆಯ ಹೂಳು ತೆಗೆಸಿರಲಿಲ್ಲ. ಆಳು ಸಿಗಲಿಲ್ಲವೆಂದು "ಮುಂದಿನ ವಾರ" ಎನ್ನುತ್ತಾ ಇರುವಾಗ ಮಳೆ ಹಿಡಿಯಿತು. ಅದೇ ಔಷಧಿ ಪಡೆದ ಮೇಲಿನ ಇಳಿಜಾರಿನ ಬಳ್ಳಿಗಳು ಉಳಿದುಕೊಂಡವು. ಸಂಘದ ಕಾರ್ಯದರ್ಶಿಯಾಗಿ ಇತರರಿಗೆ ಬುದ್ಧಿ ಹೇಳುವ ನಾವೇ ಕಲಿತ ಪಾಠವಿದು.

ತಡೆಯುವ ಕ್ರಮ

1. ಮೇ ತಿಂಗಳೊಳಗೆ ಬಸಿಗಾಲುವೆ ಬಿಡಿಸಿ. ಬಳ್ಳಿಯ ಬುಡಕ್ಕೆ ಮಣ್ಣು ಏರಿಸಿ, ನೀರು ನಿಲ್ಲದಂತೆ ಮಾಡಿ.

2. ಮಳೆಗೆ ಮೊದಲೇ ಮರಗಸಿ ಮುಗಿಸಿ, ಗಾಳಿ ಬೆಳಕು ಬರಲಿ. ಹಬ್ಬು ಬಳ್ಳಿಗಳನ್ನು ಕತ್ತರಿಸಿ, ಇಲ್ಲವೇ ಎತ್ತಿ ಕಟ್ಟಿ.

3. ಮಳೆಗಾಲದಲ್ಲಿ ಬುಡ ಅಗೆಯಬೇಡಿ. ಕಳೆಯನ್ನು ಕತ್ತಿಯಿಂದ ಸವರಿದರೆ ಸಾಕು. ಗಾಯವಾದ ಬೇರು ರೋಗಕ್ಕೆ ತೆರೆದ ಬಾಗಿಲು.

4. ಮುಂಗಾರಿನ ಆರಂಭಕ್ಕೆ ಶೇಕಡಾ 1ರ ಬೋರ್ಡೋ ದ್ರಾವಣವನ್ನು ಎಲೆಗೆ ಸಿಂಪಡಿಸಿ. ಅಳತೆ: ಮೈಲುತುತ್ತು 1 ಕಿಲೋ, ಸುಣ್ಣ 1 ಕಿಲೋ, ನೀರು 100 ಲೀಟರ್. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ತಿರುಗಿಸಿ ಅಲ್ಲ. ಅದ್ದಿದ ಚೂರಿಗೆ ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣ ಬೇಕೆಂದು ಅರ್ಥ.

5. ಅದೇ ವೇಳೆಗೆ ಲೀಟರ್ ನೀರಿಗೆ 2 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ, ಬುಡದ ಸುತ್ತ ಅರ್ಧ ಮೀಟರ್ ವ್ಯಾಪ್ತಿಯಲ್ಲಿ ಬಳ್ಳಿಯ ಗಾತ್ರ ನೋಡಿ 5ರಿಂದ 10 ಲೀಟರ್ ಹೊಯ್ಯಿರಿ. ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಮಳೆ ಬಿಡುವು ಕೊಟ್ಟಾಗ ಸಿಂಪರಣೆ, ಬುಡಕ್ಕೆ ಹೊಯ್ಯುವುದು ಎರಡನ್ನೂ ಇನ್ನೊಮ್ಮೆ ಮಾಡಿ.

6. ಟ್ರೈಕೋಡರ್ಮಾವನ್ನು ಬಳ್ಳಿಗೆ 50 ಗ್ರಾಂನಂತೆ ಕೊಟ್ಟಿಗೆ ಗೊಬ್ಬರ ಅಥವಾ ಬೇವಿನ ಹಿಂಡಿಯಲ್ಲಿ ಬೆರೆಸಿ ಕೊಡಬಹುದು. ತಾಮ್ರದ ಔಷಧಿಯೊಂದಿಗೆ ಮಾತ್ರ ಕೊಡಬಾರದು, ಅದು ಈ ಉಪಕಾರಿ ಶಿಲೀಂಧ್ರವನ್ನೂ ಕೊಲ್ಲುತ್ತದೆ. ಎರಡರ ನಡುವೆ ಕನಿಷ್ಠ 15 ದಿನ ಅಂತರವಿರಲಿ.

ರೋಗ ಬಂದ ಮೇಲೆ

ಕೆಲವೇ ಎಲೆ ಹಳದಿಯಾದ ಬಳ್ಳಿಗೂ ಅದರ ಸುತ್ತಲಿನ ಬಳ್ಳಿಗಳಿಗೂ ಲೀಟರಿಗೆ 1.25 ಗ್ರಾಂ ಮೆಟಲಾಕ್ಸಿಲ್–ಮ್ಯಾಂಕೋಜೆಬ್, ಇಲ್ಲವೇ 3 ಮಿ.ಲೀ. ಪೊಟ್ಯಾಸಿಯಂ ಫಾಸ್ಫೊನೇಟ್ ಕಲಸಿ ಬುಡಕ್ಕೂ ಎಲೆಗೂ ಕೊಡಿ. ಪೂರ್ತಿ ಬಾಡಿದ ಬಳ್ಳಿಗೆ ಹಣ ಸುರಿಯದೆ ಬೇರು ಸಹಿತ ಕಿತ್ತು ಸುಡಿ. ಕಾಲುವೆಗೆ ಎಸೆದರೆ ರೋಗವನ್ನು ಕೆಳಗಿನ ತೋಟದವರಿಗೆ ಕಳಿಸಿದಂತೆ.

ಮರುನಾಟಿಗೆ ರೋಗ ಕಂಡ ತೋಟದಿಂದ ಬಳ್ಳಿ ತರಬೇಡಿ. ಭಾರತೀಯ ಸಂಬಾರ ಬೆಳೆಗಳ ಸಂಶೋಧನಾ ಸಂಸ್ಥೆಯ ಶಕ್ತಿ ಮತ್ತು ತೇವಂ ತಳಿಗಳು ಈ ರೋಗವನ್ನು ತಕ್ಕಮಟ್ಟಿಗೆ ತಡೆಯುತ್ತವೆ. ಬೇಸಿಗೆಯಲ್ಲೂ ನೀರಿನ ಆಸರೆಯುಳ್ಳ ಅಡಿಕೆ ತೋಟಕ್ಕೆ ಪೈಪರ್ ಕೊಲುಬ್ರಿನಂ ಎಂಬ ದಕ್ಷಿಣ ಅಮೆರಿಕದ ಕಾಡುಮೆಣಸಿನ ಮೇಲೆ ಕಸಿ ಕಟ್ಟಿದ ಗಿಡವೂ ಒಪ್ಪುತ್ತದೆ.

ನೀರಿಗೆ ಬೇಲಿಯಿಲ್ಲ. ಒಬ್ಬರ ಕಾಲುವೆ ಕಟ್ಟಿದರೆ ಇಬ್ಬರ ಬಳ್ಳಿ ಸಾಯುತ್ತದೆ. ಆದ್ದರಿಂದ ನೆರೆಹೊರೆಯವರು ಕೂಡಿ ಒಂದೇ ವಾರದಲ್ಲಿ ಕಾಲುವೆ ಬಿಡಿಸಿಕೊಳ್ಳುವುದು ಲೇಸು. ಆಗಸ್ಟ್‌ನಲ್ಲಿ ಔಷಧಿ ಕೇಳಿಕೊಂಡು ಬರುವ ಬದಲು, ಮೇ ತಿಂಗಳಲ್ಲಿ ಗುದ್ದಲಿ ಹಿಡಿದು ತೋಟಕ್ಕೆ ಇಳಿಯೋಣ.