ಕೋಲಾಟ ಮತ್ತು ಹೋಲಿಕೆ

ಸಂಘದ ವಾರ್ಷಿಕೋತ್ಸವಕ್ಕೆ ಕೋಲಾಟ ಕಲಿಯುವಾಗ ನಮ್ಮ ಕಣ್ಣು ಪಕ್ಕದವಳ ಹೆಜ್ಜೆಯ ಮೇಲೇ ಇರುತ್ತದೆ. ಇದು ತಪ್ಪಲ್ಲ. ಬೇರೆ ಅಳತೆಗೋಲು ಇಲ್ಲದಾಗ ಮನುಷ್ಯರು ತಮ್ಮ ಸಾಮರ್ಥ್ಯವನ್ನು ಇತರರೊಂದಿಗೆ ಹೋಲಿಸಿ ನೋಡುತ್ತಾರೆ ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಹೇಳಿದ್ದರು.

ಆದರೆ ಹೋಲಿಕೆಗೆ ಎರಡು ದಾರಿ. "ಅವಳಿಗೆ ಬಂದದ್ದು ನನಗೂ ಬರುತ್ತೆ, ಸ್ವಲ್ಪ ತೋರಿಸಕ್ಕಾ" ಎಂದರೆ ಹುರುಪು ಹೆಚ್ಚುತ್ತದೆ. "ಅವಳ ಹಾಗೆ ನನಗೆಲ್ಲಿ ಬರುತ್ತೆ?" ಎಂದು ಮೂಲೆ ಸೇರಿದರೆ ಕಲಿಕೆ ನಿಲ್ಲುತ್ತದೆ. ಕೋಲಾಟ ಜೋಡಿಯ ಆಟ. ಒಬ್ಬಳು ಬಿಟ್ಟರೆ ಎದುರಿನವಳ ಕೋಲಿಗೂ ಜೊತೆಯಿಲ್ಲ.

ಆದ್ದರಿಂದ ಹೋದ ವಾರದ ನಮ್ಮ ಹೆಜ್ಜೆಯೊಂದಿಗೆ ಈ ವಾರದ್ದನ್ನು ಹೋಲಿಸೋಣ. ಬಲ್ಲವರು ನಿಧಾನವಾಗಿ ತೋರಿಸಲಿ. ತಪ್ಪಿದವರನ್ನು ನೋಡಿ ನಗುವುದು ಬೇಡ.

ಚರ್ಚೆಗೆ: ನಾಚಿಕೆಯಿಂದ ಹಿಂದೆ ಉಳಿದ ಸೋದರಿಯನ್ನು ನಾವು ಹೇಗೆ ಕರೆಯೋಣ?