ಶಾಲೆ ಬಿಟ್ಟ ಮೇಲೂ ಎಸ್.ಎಸ್.ಸಿ.



ಹತ್ತನೆಯ ಇಯತ್ತೆ ಮುಗಿಸದೆ ಶಾಲೆ ಬಿಟ್ಟವರಿಗೆ ಎಸ್.ಎಸ್.ಸಿ.ಯ ಬಾಗಿಲು ಕಾಯಂ ಆಗಿ ಮುಚ್ಚಿತೆಂಬ ತಿಳುವಳಿಕೆ ನಮ್ಮ ಭಾಗದಲ್ಲಿ ಇನ್ನೂ ಬೇರೂರಿದೆ. ಸೊಲ್ಲಾಪುರದಲ್ಲಿ ತಾಯಿಯ ಜೊತೆ ಬೀಡಿ ಕಟ್ಟಲು ಕುಳಿತ ಹುಡುಗಿ, ಟಾವೆಲ್ ನೇಯುವ ಪವರ್‌ಲೂಮಿಗೆ ಸೇರಿದ ಹುಡುಗ, ಅಕ್ಕಲಕೋಟ ತಾಲೂಕಿನ ಹಳ್ಳಿಯಲ್ಲಿ ಎಂಟನೆಯ ಇಯತ್ತೆಗೇ ಮದುವೆಯ ಮಾತು ಕೇಳಿದವಳು, ಇವರೆಲ್ಲರೂ "ನಮ್ಮದು ಮುಗೀತು" ಎಂದು ಸುಮ್ಮನಾಗುತ್ತಾರೆ. ಅದು ಮುಗಿದಿರುವುದಿಲ್ಲ. ಆದರೆ ಯಾವ ಬಾಗಿಲು ಯಾರಿಗೆ ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಬೇಕು.

ಮೊದಲು ನಪಾಸಾದವರ ಮಾತು. ಪರೀಕ್ಷೆಗೆ ಕುಳಿತು ನಪಾಸಾದವರು ಹೊಸದಾಗಿ ಏನನ್ನೂ ಹುಡುಕಬೇಕಾಗಿಲ್ಲ. ತಮ್ಮ ಶಾಲೆಯ ಮೂಲಕವೇ ಪುನಃ ಅರ್ಜಿ ತುಂಬಬಹುದು. ಹಿಂದೆ ಮರುಪರೀಕ್ಷೆ ಅಕ್ಟೋಬರದಲ್ಲಿ ನಡೆಯುತ್ತಿದ್ದುದರಿಂದ ಒಂದು ವರ್ಷ ವ್ಯರ್ಥವಾಗುತ್ತಿತ್ತು. ಈಗ ಪುರವಣಿ ಪರೀಕ್ಷೆಯು ಜೂನ್-ಜುಲೈ ಹೊತ್ತಿಗೇ ನಡೆಯುತ್ತದೆ. ಒಂದೆರಡು ವಿಷಯ ಮಾತ್ರ ಉಳಿದವರಿಗೆ ಹನ್ನೊಂದನೆಯ ಇಯತ್ತೆಗೆ ಪ್ರವೇಶ ಕೊಡುವ ಎ.ಟಿ.ಕೆ.ಟಿ. ಸವಲತ್ತೂ ಇದೆ.

ಹತ್ತನೆಯ ಪರೀಕ್ಷೆಗೆ ಒಮ್ಮೆಯೂ ಕುಳಿತಿರದವರ ದಾರಿ ಬೇರೆ. ಅದೇ 17 ನಂಬರಿನ ಅರ್ಜಿ. ಮರಾಠಿ ನೆರೆಹೊರೆಯವರ ಬಾಯಲ್ಲಿ "ಸತರಾ ನಂಬರ ಫಾರ್ಮ್" ಎಂದು ಕೇಳಿಯೇ ಇರುತ್ತೀರಿ. ಮಹಾರಾಷ್ಟ್ರ ರಾಜ್ಯ ಮಾಧ್ಯಮಿಕ ಹಾಗೂ ಉಚ್ಚ ಮಾಧ್ಯಮಿಕ ಶಿಕ್ಷಣ ಮಂಡಳವು ಖಾಸಗಿ ವಿದ್ಯಾರ್ಥಿಗಳಿಗಾಗಿ ಇಟ್ಟಿರುವ ವ್ಯವಸ್ಥೆ ಇದು. ನಮ್ಮ ಜಿಲ್ಲೆ ಮಂಡಳದ ಪುಣೆ ವಿಭಾಗಕ್ಕೆ ಸೇರಿದೆ. 14 ವರ್ಷ ತುಂಬಿರಬೇಕು. ಒಂಬತ್ತನೆಯ ಇಯತ್ತೆ ದಾಟಿರಬೇಕೆಂಬ ಕಟ್ಟು ಇಲ್ಲ. ಪರೀಕ್ಷೆ ಫೆಬ್ರುವರಿ-ಮಾರ್ಚಿಗಿದ್ದರೂ ಹೆಸರು ನೋಂದಾಯಿಸುವ ಕೆಲಸ ಹಲವು ತಿಂಗಳು ಮೊದಲೇ ಆಗಬೇಕು. ಹೀಗಾಗಿ ದೀಪಾವಳಿ ಕಳೆದ ಮೇಲೆ ವಿಚಾರಿಸಲು ಬಂದವರು ಬಹುಮಟ್ಟಿಗೆ ಮುಂದಿನ ವರ್ಷವನ್ನೇ ಕಾಯಬೇಕಾಗುತ್ತದೆ. ಶಾಲೆಗಳು ಜೂನದಲ್ಲಿ ಆರಂಭವಾದೊಡನೆ ಕೇಳಲು ತೊಡಗುವುದು ಒಳ್ಳೆಯದು.

ಈ ಅರ್ಜಿಯಲ್ಲಿ ಸಂಪರ್ಕ ಕೇಂದ್ರವೆಂದು ಒಂದು ಶಾಲೆಯನ್ನು ಗೊತ್ತುಮಾಡಲಾಗುತ್ತದೆ. ಇಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ಅರ್ಜಿ ತುಂಬಿದೆವು, ಇನ್ನು ಮಾರ್ಚಿಗೆ ಹೋಗಿ ಬರೆದರಾಯಿತು ಎಂದು ಮನೆಯಲ್ಲಿ ಕೂಡುತ್ತಾರೆ. ಆದರೆ ಪ್ರತಿ ವಿಷಯದ 100 ಅಂಕಗಳಲ್ಲಿ 80 ಮಾತ್ರ ಬರವಣಿಗೆಯವು. ಉಳಿದ 20 ಅಂಕಗಳು ತೋಂಡಿ ಪರೀಕ್ಷೆ, ಗೃಹಪಾಠ, ವಿಜ್ಞಾನದ ಪ್ರಯೋಗ ಮುಂತಾದವುಗಳಿಗೆ ಸೇರಿದ್ದು, ಅವು ಸಂಪರ್ಕ ಕೇಂದ್ರದಲ್ಲಿಯೇ ದೊರೆಯಬೇಕು. ಪಾಸಾಗಲು 35 ಬೇಕೆನ್ನುವಾಗ ಈ 20 ಎಷ್ಟು ದೊಡ್ಡದೆಂಬುದನ್ನು ಗಣಿತದಲ್ಲಿ ಹೆದರುವ ಹುಡುಗರೂ ಲೆಕ್ಕ ಹಾಕಬಲ್ಲರು. ಕೆಲಸಕ್ಕೆ ಹೋಗುವವರು ಧನಿಗಳಿಗೆ ಮೊದಲೇ ಹೇಳಿ ಆ ದಿನಗಳಿಗೆ ರಜೆ ಪಡೆದಿರಬೇಕು.

ನಮ್ಮವರಿಗೆ ಇನ್ನೊಂದು ಮಾತು ಮುಖ್ಯ. ಕನ್ನಡ ಮಾಧ್ಯಮದಲ್ಲಿ ಕಲಿತ ಮಗುವಿಗೆ, ಮನೆಗೆ ಹತ್ತಿರವೆಂಬ ಒಂದೇ ಕಾರಣದಿಂದ ಮರಾಠಿ ಶಾಲೆಯನ್ನು ಸಂಪರ್ಕ ಕೇಂದ್ರ ಮಾಡಬೇಡಿರಿ. ನಾನು ಎರಡೂ ಭಾಷೆಗಳಲ್ಲಿ ಓದಿದವನು. ಮರಾಠಿಯ ಮೇಲೆ ನನಗೆ ಪ್ರೀತಿಯೇ ಇದೆ. ಆದರೆ ಭೂಗೋಲ, ವಿಜ್ಞಾನದ ಪಾರಿಭಾಷಿಕ ಶಬ್ದಗಳನ್ನು ಕನ್ನಡದಲ್ಲಿ ಕಲಿತು, ಎರಡು-ಮೂರು ವರ್ಷ ಪುಸ್ತಕ ಮುಟ್ಟದೆ ಇದ್ದು, ಆಮೇಲೆ ಒಮ್ಮೆಲೇ ಬೇರೆ ಭಾಷೆಯಲ್ಲಿ ಉತ್ತರ ಬರೆಯುವುದು ಜಾಣರಿಗೂ ಭಾರ. ನಮ್ಮ ರಾಜ್ಯದಲ್ಲಿ ಕನ್ನಡ ಮಾಧ್ಯಮದ ಹತ್ತನೆಯ ಪಠ್ಯಪುಸ್ತಕಗಳಿವೆ, ಕನ್ನಡದಲ್ಲಿ ಪ್ರಶ್ನಪತ್ರಿಕೆಯೂ ಬರುತ್ತದೆ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲೂಕುಗಳಲ್ಲಿ ಕನ್ನಡ ಪ್ರೌಢಶಾಲೆಗಳು ಇರುವಾಗ ಮಾಧ್ಯಮವನ್ನು ಕೇಳಿಯೇ ಹೆಸರು ಹಚ್ಚಬೇಕು. ಹೀಗೆ ಪಾಸಾದವರ ಪ್ರಮಾಣಪತ್ರವೂ ಇದೇ ಮಂಡಳದ ಎಸ್.ಎಸ್.ಸಿ. ಪ್ರಮಾಣಪತ್ರವೇ.

ಒಂದೇ ವರ್ಷದಲ್ಲಿ ಎಲ್ಲ ವಿಷಯ ಹೊರಲಾರದವರಿಗೆ ಕೇಂದ್ರ ಸರಕಾರದ ರಾಷ್ಟ್ರೀಯ ಮುಕ್ತ ವಿದ್ಯಾಲಯ ಶಿಕ್ಷಣ ಸಂಸ್ಥೆಯಿದೆ. 1979ರಲ್ಲಿ ಕೇಂದ್ರೀಯ ಮಂಡಳಿಯ ಒಂದು ಯೋಜನೆಯಾಗಿ ಹುಟ್ಟಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾದ ಇದು ವರ್ಷಕ್ಕೆ ಎರಡು ಸಲ ಸಾರ್ವಜನಿಕ ಪರೀಕ್ಷೆ ನಡೆಸುತ್ತದೆ. ಐದು ವರ್ಷಗಳಲ್ಲಿ ಒಂಬತ್ತು ಅವಕಾಶಗಳು. ಒಂದೊಂದೇ ವಿಷಯವನ್ನು ಪಾಸು ಮಾಡುತ್ತ ಸಾಗಬಹುದು. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಚಿಕ್ಕ ಮಕ್ಕಳಿರುವ ತಾಯಂದಿರಿಗೆ, ದೀರ್ಘ ಕಾಯಿಲೆಯವರಿಗೆ ಈ ದಾರಿ ಹೆಚ್ಚು ಒಪ್ಪುತ್ತದೆಂದು ನನ್ನ ಅಭಿಪ್ರಾಯ. ಶಾಲೆಯಲ್ಲಿ ಕುಳಿತಿರುವ ಹುಡುಗರು ಇದನ್ನು ಓದಿ ನಾಳೆಯಿಂದ ಬರುವುದಿಲ್ಲ ಎಂದರೆ ಮಾತ್ರ ನಾನು ಒಪ್ಪಲಾರೆ. ಗುರುಗಳಿಲ್ಲದೆ ಬೀಜಗಣಿತ ಬಿಡಿಸಿ ನೋಡಿರಿ, ಗೊತ್ತಾಗುತ್ತದೆ.

ಇಂಥ ದಾರಿ ಹಿಡಿದವರು ಕಡಿಮೆ ಯೋಗ್ಯತೆಯವರೆಂದು ಯಾರಾದರೂ ಹೀಯಾಳಿಸಿದರೆ ದುರ್ಗಾಬಾಯಿ ದೇಶಮುಖರ ಹೆಸರು ಹೇಳಿರಿ. ರಾಜಮಹೇಂದ್ರಿಯಲ್ಲಿ 1909ರಲ್ಲಿ ಹುಟ್ಟಿದ ಆಕೆ ಬಾಲ್ಯದಲ್ಲಿಯೇ ಶಾಲೆ ಬಿಟ್ಟರು. ಉಪ್ಪಿನ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡರು. ಮೆಟ್ರಿಕ್ ಪರೀಕ್ಷೆಯನ್ನು ಬನಾರಸ ಹಿಂದೂ ವಿಶ್ವವಿದ್ಯಾಲಯದ ಮೂಲಕ ಖಾಸಗಿಯಾಗಿ ಪಾಸು ಮಾಡಿದ್ದು ಅದರ ನಂತರ. ಮುಂದೆ ವಕೀಲರಾದರು, ಸಂವಿಧಾನ ಸಭೆಯ ಸದಸ್ಯರಾದರು. 1953ರಲ್ಲಿ ಕೇಂದ್ರೀಯ ಸಮಾಜ ಕಲ್ಯಾಣ ಮಂಡಳಿಯ ಮೊದಲ ಅಧ್ಯಕ್ಷರಾದ ಆಕೆಯ ಕಾಲದಲ್ಲಿಯೇ, 1958ರಲ್ಲಿ, ಅರ್ಧಕ್ಕೆ ಶಾಲೆ ಬಿಟ್ಟ ಹೆಂಗಸರಿಗಾಗಿ ಸಂಕ್ಷಿಪ್ತ ಅಭ್ಯಾಸಕ್ರಮಗಳು ಆರಂಭವಾದವು. ನಮ್ಮ ಕನ್ನಡಿಗರಲ್ಲಿಯೂ ಉದಾಹರಣೆ ಕಡಿಮೆಯಿಲ್ಲ. ಮುಂಬಯಿಯಲ್ಲಿ ಮೊಗವೀರರ, ಬಿಲ್ಲವರ ಸಂಸ್ಥೆಗಳು ಕನ್ನಡ ರಾತ್ರಿ ಪ್ರೌಢಶಾಲೆ ನಡೆಸಿದವು. ಹಗಲೆಲ್ಲ ಹೋಟೆಲಿನಲ್ಲಿ ದುಡಿದ ಕರಾವಳಿಯ ಹುಡುಗರು ಅಲ್ಲಿಯೇ ಕುಳಿತು ಎಸ್.ಎಸ್.ಸಿ.ಯವರೆಗೆ ಓದಿದರು.

"ಪುಸ್ತಕ ಮುಟ್ಟುವುದು ಬೇಡ, ಹಣ ಕೊಡಿ, ತಿಂಗಳೊಪ್ಪತ್ತಿನಲ್ಲಿ ಹತ್ತನೆಯ ಪಾಸು" ಎನ್ನುವ ಮಧ್ಯಸ್ಥರೂ ಇದ್ದಾರೆ. ಹೆಸರೇ ಕೇಳಿರದ ಯಾವುದೋ ಮಂಡಳಿಯ ಕಾಗದವನ್ನು ಅವರು ಕೈಗಿಡುತ್ತಾರೆ. ಕಾಲೇಜಿನಲ್ಲಾಗಲಿ ನೌಕರಿಯಲ್ಲಾಗಲಿ ಅದು ನಡೆಯುವುದಿಲ್ಲ. 17 ನಂಬರಿನ ಅರ್ಜಿಯನ್ನು ಮಂಡಳದ ಅಧಿಕೃತ ಜಾಲತಾಣದಲ್ಲಿಯೇ ತುಂಬಲಾಗುತ್ತದೆ. ತಿಳಿಯದಿದ್ದರೆ ಹತ್ತಿರದ ಪ್ರೌಢಶಾಲೆಯ ಮುಖ್ಯಾಧ್ಯಾಪಕರನ್ನು ಕಾಣಿರಿ.

ಅರ್ಜಿಗೆ ಬೇಕಾದ ಕಾಗದಗಳಲ್ಲಿ ಮುಖ್ಯವಾದದ್ದು ಶಾಲೆ ಬಿಟ್ಟ ದಾಖಲೆ. ಅದನ್ನು ಟ್ರಂಕಿನಲ್ಲಿ ಜೋಪಾನವಾಗಿಡಿ. ಕಳೆದಿದ್ದರೆ ಕೊನೆಗೆ ಓದಿದ ಶಾಲೆಗೆ ಹೋಗಿ ಎರಡನೆಯ ಪ್ರತಿ ಕೇಳಿರಿ. ಮಗು ಇನ್ನೂ ಶಾಲೆಯಲ್ಲಿದ್ದರೆ ಅದರ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಜನ್ಮದಿನಾಂಕಗಳು ಶಾಲೆಯ ದಪ್ತರಿನಲ್ಲಿಯೂ ಆಧಾರ ಕಾರ್ಡಿನಲ್ಲಿಯೂ ಒಂದೇ ರೀತಿ ಇವೆಯೇ ಎಂದು ಈ ವರ್ಷವೇ ನೋಡಿಕೊಳ್ಳಿರಿ. ಕನ್ನಡದ ಹೆಸರು ಮರಾಠಿಯಲ್ಲಿ ಒಂದು ಬಗೆ, ಇಂಗ್ಲಿಷಿನಲ್ಲಿ ಇನ್ನೊಂದು ಬಗೆ ಆಗುವುದು ನಮ್ಮ ಗಡಿಭಾಗದಲ್ಲಿ ದಿನದ ಮಾತು. ಶಾಲೆಯಲ್ಲಿರುವಾಗ ತಿದ್ದಿಸುವುದು ಸುಲಭ. ಬಿಟ್ಟ ಮೇಲೆ ಓಡಾಟ ಹೆಚ್ಚು.