ತಂತಿಯಿಲ್ಲದ ಮಾತೂ ಒಳಕೋಣೆಯ ಓದೂ

ಕಣ್ಣಿಗೆ ಕಾಣದ, ಕೈಗೆ ಸಿಕ್ಕದ ವಸ್ತುವನ್ನು ಕುರಿತು ಪಾಠ ಹೇಳುವುದು ಕಷ್ಟವಾದ ಕೆಲಸ. ಆದರೂ ಆ ಕಾಣದ ವಸ್ತುವಿನಿಂದಲೇ ನಮ್ಮ ಹೆಣ್ಣುಮಕ್ಕಳ ಓದಿಗೆ ಅನುಕೂಲವೋ ಅಡ್ಡಿಯೋ ಉಂಟಾಗುತ್ತಿರುವಾಗ, ಅದನ್ನು ಅರಿಯದೆ ಸುಮ್ಮನಿರುವುದು ತರವಲ್ಲ. ಬಸವಕಲ್ಯಾಣ ಹುಮನಾಬಾದುಗಳ ನಡುವಣ ರಾಜೇಶ್ವರದಂಥ ಊರುಗಳಲ್ಲಿಯೂ ಈಗ ಮೊಬೈಲ್ ಫೋನು ಮನೆಮನೆಯ ವಸ್ತುವಾಗಿರುವುದಷ್ಟೆ. ಅಂಗಳದಲ್ಲಿ ನಿಂತರೆ ಮಾತು ಸ್ಪಷ್ಟವಾಗಿ ಕೇಳುವುದು. ಒಳಕೋಣೆಗೆ ಬಂದೊಡನೆ ಕಡಿದುಹೋಗುವುದು. ಮಾಳಿಗೆ ಹತ್ತಿದರೆ ಪಾಠದ ಚಿತ್ರ ತೆರೆಯುವುದು, ಕೆಳಗಿಳಿದರೆ ನಿಂತುಬಿಡುವುದು. ಇದಕ್ಕೆ ಕಾರಣವೇನು? ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಈ ಪ್ರಶ್ನೆಗೆ ಉತ್ತರವನ್ನು ತಿಳಿದಿರಬೇಕೆಂಬ ಉದ್ದೇಶದಿಂದ ಈ ಪಾಠವನ್ನು ಬರೆದಿದೆ.

ಪ್ರಶ್ನೆಯು ಕೇವಲ ಕುತೂಹಲದ್ದಲ್ಲ. ೨೦೨೦ನೆಯ ಮಾರ್ಚಿ ತಿಂಗಳಲ್ಲಿ ಕೊರೋನಾ ವ್ಯಾಧಿಯ ನಿಮಿತ್ತ ದೇಶದ ಶಾಲೆಗಳು ಮುಚ್ಚಿದಾಗ ಪಾಠವು ಫೋನಿನ ಮೂಲಕ ಮನೆಗೆ ಬರಬೇಕಾಯಿತು. ಮನೆಯ ಹೊರಗೆ ಮಾತ್ರ ನೆಟ್‌ವರ್ಕು ಸಿಕ್ಕುವ ಊರಿನಲ್ಲಿ ಹುಡುಗನು ಫೋನು ಹಿಡಿದುಕೊಂಡು ಹೊಲದ ದಿನ್ನೆಗೆ ಹೋದಾನು. ಹುಡುಗಿಯನ್ನು ಸಂಜೆಯ ಹೊತ್ತಿನಲ್ಲಿ ಹಾಗೆ ಕಳುಹಿಸಲು ತಂದೆತಾಯಿಗಳ ಮನಸ್ಸು ಒಪ್ಪದು. ಹೀಗಿರಲಾಗಿ, ಬಯಲಿನ ನೆಟ್‌ವರ್ಕು ಹುಡುಗನಿಗೆ ಅರ್ಧ ಶಾಲೆಯಾದರೂ ಆದೀತು, ಹುಡುಗಿಗೆ ಏನೂ ಆಗದು. ಒಳಕೋಣೆಗೆ ಬರುವ ನೆಟ್‌ವರ್ಕೇ ಹುಡುಗಿಯ ನೆಟ್‌ವರ್ಕು. ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನದನ್ನು ಓದಿರಿ.

ಅಲೆಯ ಸ್ವರೂಪ

ಕೆರೆಯ ನೀರಿನಲ್ಲಿ ಕಲ್ಲು ಬಿದ್ದರೆ ಅಲೆಗಳು ವೃತ್ತ ವೃತ್ತವಾಗಿ ಹರಡುವುವು. ಅದರಂತೆ, ಆಂಟೆನಾದಲ್ಲಿ ವಿದ್ಯುತ್ತು ಅತಿವೇಗವಾಗಿ ಹಿಂದುಮುಂದಕ್ಕೆ ಓಲಾಡಿದರೆ ವಿದ್ಯುತ್ಕಾಂತ ಅಲೆಗಳು ಹೊರಡುವುವು. ನೀರಿನ ಅಲೆಗೆ ನೀರು ಬೇಕು. ಈ ಅಲೆಗೆ ಗಾಳಿಯೂ ಬೇಡ. ಇದು ಬೆಳಕಿನ ವೇಗದಿಂದ, ಎಂದರೆ ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರಿನಂತೆ ಹೋಗುವುದು. ಜರ್ಮನಿಯ ಹೈನ್ರಿಚ್ ಹರ್ಟ್ಸ್ ಎಂಬ ಪಂಡಿತನು ೧೮೮೭-೮೮ರಲ್ಲಿ ಇಂಥ ಅಲೆಗಳನ್ನು ಹುಟ್ಟಿಸಿ ತೋರಿಸಿದನು. ಕೆಲವೇ ವರ್ಷಗಳಲ್ಲಿ ನಮ್ಮ ದೇಶದ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಈ ಅಲೆಗಳನ್ನು ಗೋಡೆಗಳ ಆಚೆಗೆ ಕಳುಹಿಸಿ, ದೂರದಲ್ಲಿದ್ದ ಗಂಟೆಯನ್ನು ಬಾರಿಸಿ ಜನರನ್ನು ಬೆರಗುಗೊಳಿಸಿದರು. ಕನ್ನಡ ನಾಡಿನಲ್ಲಿ ೧೯೩೫ರಲ್ಲಿ ಮೈಸೂರಿನ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಚಿಕ್ಕ ರೇಡಿಯೋ ಕೇಂದ್ರವನ್ನು ಸ್ಥಾಪಿಸಿದರು. ಆಕಾಶವಾಣಿ ಎಂಬ ಹೆಸರು ಆ ಕೇಂದ್ರದಿಂದ ಪ್ರಸಿದ್ಧಿಗೆ ಬಂದು, ಮುಂದೆ ಇಡೀ ದೇಶದ ರೇಡಿಯೋವಿಗೆ ಹೆಸರಾಯಿತು.

ಅಲೆಯು ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಏರಿಳಿಯುವುದೋ ಅದಕ್ಕೆ ಆವೃತ್ತಿಯೆಂದು ಹೆಸರು. ೧೦ ಲಕ್ಷ ಸಲ ಏರಿಳಿದರೆ ೧ ಮೆಗಾಹರ್ಟ್ಸ್. ಒಂದು ಅಲೆಯ ನೆತ್ತಿಯಿಂದ ಮುಂದಿನ ಅಲೆಯ ನೆತ್ತಿಯವರೆಗಿನ ಅಳತೆಯೇ ತರಂಗದೂರ. ೩೦೦ನ್ನು ಮೆಗಾಹರ್ಟ್ಸಿನ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರವು ಮೀಟರುಗಳಲ್ಲಿ ದೊರೆಯುವುದು. ೯೦೦ ಮೆಗಾಹರ್ಟ್ಸಿನ ಅಲೆ ಸುಮಾರು ೩೩ ಸೆಂಟಿಮೀಟರ್, ೩೩೦೦ರ ಅಲೆ ಸುಮಾರು ೯ ಸೆಂಟಿಮೀಟರ್. ಹೀಗೆ ಒಂದರ ಪಕ್ಕದಲ್ಲೊಂದು ಇರುವ ಆವೃತ್ತಿಗಳ ಇಡೀ ಹರವಿಗೆ ಪತ್ರಿಕೆಗಳಲ್ಲಿ ಸ್ಪೆಕ್ಟ್ರಂ ಎಂದೂ ತರಂಗಾಂತರವೆಂದೂ ಬರೆಯುವರು. ಹೊಲವನ್ನು ಪಟ್ಟಿಪಟ್ಟಿಯಾಗಿ ಹಂಚುವಂತೆ ಇದನ್ನೂ ಪಟ್ಟಿಗಳಾಗಿ ಹಂಚಿದೆ.

ಒಂದೇ ಗೋಪುರ ಏಕೆ ಸಾಲದು?

ಹಿಂದೆ ಕಲಬುರಗಿಯ ಆಕಾಶವಾಣಿಯ ಮಾತನ್ನು ನಮ್ಮ ತಾಲ್ಲೂಕುಗಳಲ್ಲಿ ರೇಡಿಯೋ ತಿರುಗಿಸಿದವರೆಲ್ಲ ಕೇಳುತ್ತಿದ್ದರು. ಒಂದೇ ಕೇಂದ್ರದ ಮಾತು ಅಷ್ಟು ದೂರ ಬಂದಮೇಲೆ, ಮೊಬೈಲಿಗೆ ಊರೂರಿಗೆ ಟವರು ಏಕೆ ಬೇಕೆಂದು ಕೇಳಬಹುದು. ಆ ರೇಡಿಯೋವಿನ ಮಧ್ಯಮ ಅಲೆಗಳು ನೂರಾರು ಮೀಟರು ಉದ್ದದವು. ನೆಲವನ್ನು ಹಿಡಿದುಕೊಂಡು ಬಹುದೂರ ಸಾಗುವುವು. ಅದಲ್ಲದೆ ರೇಡಿಯೋ ಎಂದರೆ ಒಬ್ಬರ ಮಾತನ್ನು ಎಲ್ಲರೂ ಕೇಳುವುದು. ಅದಕ್ಕೆ ಒಂದು ಮೆಗಾಹರ್ಟ್ಸಿನ ನೂರನೆಯ ಒಂದು ಪಾಲಿನಷ್ಟು ಅಗಲದ ಪಟ್ಟಿ ಸಾಕು. ಮೊಬೈಲಿನಲ್ಲಾದರೋ ಪ್ರತಿಯೊಬ್ಬರೂ ಬೇರೆಬೇರೆ ಮಾತಾಡುವರು. ಎಲ್ಲರ ಮಾತಿಗೂ ಸ್ಥಳ ಬೇಕು, ಸ್ಥಳವೋ ಪರಿಮಿತವಾದದ್ದು.

ಇದಕ್ಕೆ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೪೭ರಲ್ಲಿ ಒಂದು ಉಪಾಯವನ್ನು ಸೂಚಿಸಿದರು. ನಾಡನ್ನು ಜೇನುಹುಟ್ಟಿನ ಕೋಣೆಗಳಂತೆ ಚಿಕ್ಕ ಚಿಕ್ಕ ಭಾಗಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಒಂದು ಚಿಕ್ಕ ಗೋಪುರವನ್ನಿಟ್ಟು, ಒಂದೇ ಆವೃತ್ತಿಯನ್ನು ದೂರದ ಕೋಣೆಯಲ್ಲಿ ಮತ್ತೆ ಬಳಸುವುದೇ ಆ ಉಪಾಯ. ಹುಮನಾಬಾದಿನ ಶಾಲೆಯಲ್ಲಿ ಒಬ್ಬ ಸುಶೀಲೆಯೂ ಬಸವಕಲ್ಯಾಣದ ಶಾಲೆಯಲ್ಲಿ ಇನ್ನೊಬ್ಬ ಸುಶೀಲೆಯೂ ಇದ್ದರೆ ಗೊಂದಲವಿಲ್ಲ. ಒಂದೇ ತರಗತಿಯಲ್ಲಿ ಇಬ್ಬರಿದ್ದರೆ ಹಾಜರಿ ಕರೆಯುವಾಗ ತೊಡಕು. ಈಗಿನ ಯಂತ್ರಗಳು ನೆರೆಯ ಕೋಣೆಗಳಲ್ಲಿಯೂ ಅದೇ ಆವೃತ್ತಿಯನ್ನು ಬಳಸುವಷ್ಟು ಜಾಣವಾಗಿವೆ. ಆದರೂ ಎರಡು ಟವರುಗಳ ಅಂಚಿನಲ್ಲಿ ಗದ್ದಲ ತಪ್ಪಿದ್ದಲ್ಲ.

ನಮ್ಮ ಗಡಿನಾಡಿನಲ್ಲಿ ಇನ್ನೊಂದು ವಿಶೇಷವುಂಟು. ಭಾರತ ದೇಶವನ್ನು ದೂರವಾಣಿಯ ಸೇವೆಗಾಗಿ ೨೨ ವಲಯಗಳಾಗಿ ವಿಂಗಡಿಸಿದೆ. ತರಂಗಾಂತರವನ್ನು ಹಂಚುವುದೂ ವಲಯವಾರು. ೬೫ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ಉಮರ್ಗಾದಿಂದ ಹೊರಟು ನಮ್ಮ ತಾಲ್ಲೂಕುಗಳನ್ನು ದಾಟಿ ಜಹೀರಾಬಾದಿಗೆ ಹೋಗುವವರು ಒಂದೇ ಪ್ರಯಾಣದಲ್ಲಿ ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶ ಎಂಬ ಮೂರು ವಲಯಗಳನ್ನು ಕಾಣುವರು. ತೆಲಂಗಾಣವು ಈ ಲೆಕ್ಕದಲ್ಲಿ ಆಂಧ್ರದ ವಲಯಕ್ಕೇ ಸೇರಿದೆ. ಅಲೆಯು ರಾಜ್ಯದ ಗಡಿಯನ್ನರಿಯದು. ಆದಕಾರಣ ಗಡಿಯ ಟವರುಗಳ ಶಕ್ತಿಯನ್ನೂ ದಿಕ್ಕನ್ನೂ ಆಚೆಯವರಿಗೆ ತೊಂದರೆಯಾಗದಂತೆ ಇಡಬೇಕಾಗುವುದು.

ದೂರ ಹೋಗುವ ಅಲೆ, ಹೊರೆ ಹೊರುವ ಅಲೆ

ಇದು ಪಾಠದ ಮುಖ್ಯಾಂಶ. ಕಡಿಮೆ ಆವೃತ್ತಿಯ ಉದ್ದ ಅಲೆಗಳು ದೂರ ಹೋಗುವುವು, ದಿನ್ನೆ ಮರಗಳನ್ನು ಬಳಸಿ ಬಾಗುವುವು, ಗೋಡೆಯನ್ನು ಹೊಕ್ಕಾಗ ಕಡಿಮೆ ಸವೆಯುವುವು. ಹೆಚ್ಚು ಆವೃತ್ತಿಯ ಚಿಕ್ಕ ಅಲೆಗಳು ಬೇಗ ಕುಂದುವುವು, ಗೋಡೆಯ ಮುಂದೆ ಸೋಲುವುವು. ಲೆಕ್ಕ ನೋಡಿರಿ: ಅದೇ ದೂರದಲ್ಲಿ, ಅದೇ ಶಕ್ತಿಯಿಂದ, ಸಾಧಾರಣ ಆಂಟೆನಾಗಳಿಂದ ಕಳುಹಿಸಿದರೆ, ಆವೃತ್ತಿ ಇಮ್ಮಡಿಯಾದಾಗ ಫೋನಿಗೆ ಸಿಕ್ಕುವ ಶಕ್ತಿ ನಾಲ್ಕನೆಯ ಒಂದು ಪಾಲಾಗುವುದು. ೭೦೦ಕ್ಕಿಂತ ೩೩೦೦ ಸುಮಾರು ೪.೭ ಪಟ್ಟು, ಅದರ ವರ್ಗ ೨೨. ಎಂದರೆ ಬರಿಯ ಬಯಲಿನಲ್ಲಿಯೇ ೨೨ನೆಯ ಒಂದು ಪಾಲು ಸಿಕ್ಕಿತು. ಗೋಡೆಯ ಸುಂಕ ಬೇರೆ. ಒಂದೇ ಚಿಕ್ಕ ಫಲಕದಲ್ಲಿ ಹತ್ತಾರು ಆಂಟೆನಾಗಳನ್ನು ಜೋಡಿಸಿ, ಅಲೆಯನ್ನು ಟಾರ್ಚಿನ ಬೆಳಕಿನಂತೆ ಒಂದೇ ಕಡೆಗೆ ತಿರುಗಿಸಿ, ಈ ನಷ್ಟದಲ್ಲಿ ಕೆಲಭಾಗವನ್ನು ತುಂಬಿಕೊಳ್ಳುವರು.

ಹಾಗಾದರೆ ಕಡಿಮೆ ಆವೃತ್ತಿಯನ್ನೇ ಎಲ್ಲೆಡೆಯೂ ಬಳಸಬಾರದೇಕೆ? ಅಲ್ಲಿ ಸ್ಥಳ ಬಹಳ ಇಕ್ಕಟ್ಟು. ೭೦೦ರ ಪಟ್ಟಿಯಲ್ಲಿ ಒಂದು ಕಂಪೆನಿಗೆ ೧೦ ಮೆಗಾಹರ್ಟ್ಸಿನ ಜೋಡಿ ಸಿಕ್ಕಿದರೆ, ೩೩೦೦ರಲ್ಲಿ ೧೦೦ ಮೆಗಾಹರ್ಟ್ಸ್ ಸಿಕ್ಕುವುದು. ಮೊದಲನೆಯದು ಹೊಲದ ಬಂಡಿದಾರಿ: ಕಿರಿದು, ಆದರೆ ಕಡೆಯ ಗುಡಿಸಲಿನ ಬಾಗಿಲವರೆಗೂ ಹೋಗುವುದು. ಎರಡನೆಯದು ಹೆದ್ದಾರಿ: ವಿಶಾಲ, ಆದರೆ ಊರೊಳಗೆ ಬಾರದು. ಒಂದರಿಂದ ವ್ಯಾಪ್ತಿ, ಇನ್ನೊಂದರಿಂದ ವೇಗ.

ಮತ್ತೊಂದು ಸಂಗತಿಯನ್ನೂ ಗಮನಿಸಿರಿ. ಟವರಿನ ಶಕ್ತಿ ಹತ್ತಾರು ವಾಟುಗಳು. ಕೈಯೊಳಗಿನ ಫೋನಿನ ಶಕ್ತಿ ಸಾಮಾನ್ಯವಾಗಿ ಒಂದು ವಾಟಿನ ಐದನೆಯ ಒಂದು ಪಾಲು ಮಾತ್ರ. ಟವರಿನ ಕೂಗು ಫೋನಿಗೆ ಕೇಳಿದರೂ ಫೋನಿನ ಪಿಸುಮಾತು ಟವರಿಗೆ ಕೇಳದೆ ಹೋಗಬಹುದು. ಗೆರೆಗಳು ಕಾಣುತ್ತಿದ್ದರೂ ಮಾತು ನಡೆಯದಿರುವುದಕ್ಕೆ ಇದೂ ಒಂದು ಕಾರಣ.

ಕಂಪೆನಿಗಳ ಉಪಾಯಗಳು

ಮೊದಲನೆಯದಾಗಿ, ಒಂದೇ ಟವರಿನಲ್ಲಿ ಹಲವು ಪಟ್ಟಿಗಳನ್ನು ಇಟ್ಟು, ಹತ್ತಿರದವರನ್ನು ಹೆಚ್ಚಿನ ಆವೃತ್ತಿಗೂ ದೂರದವರನ್ನು ಹಾಗೂ ಮನೆಯೊಳಗಿನವರನ್ನು ಕಡಿಮೆ ಆವೃತ್ತಿಗೂ ಸೇರಿಸುವರು. ಎರಡನೆಯದಾಗಿ, ಎರಡು ಮೂರು ಪಟ್ಟಿಗಳನ್ನು ಹಗ್ಗದ ಎಳೆಗಳಂತೆ ಹೊಸೆದು ಒಂದೇ ಫೋನಿಗೆ ಕೊಡುವರು. ಆಗ ಬರುವ ಪಾಠವು ವಿಶಾಲ ಪಟ್ಟಿಯಲ್ಲಿ ಬಂದು, ಹೋಗುವ ಉತ್ತರವು ದೂರಗಾಮಿಯಾದ ಪಟ್ಟಿಯಲ್ಲಿ ಹೋಗಬಹುದು. ಮೂರನೆಯದಾಗಿ, ಹಳೆಯ ೨ಜಿ ಸೇವೆಗೆ ಇಟ್ಟಿದ್ದ ೯೦೦ರ ಪಟ್ಟಿಯನ್ನು ೪ಜಿಗೆ ಬಿಡಿಸಿಕೊಡುವರು. ನಾಲ್ಕನೆಯದಾಗಿ, ಇನ್ನೊಂದು ಟವರನ್ನು ನಡುವೆ ನಿಲ್ಲಿಸುವರು. ಐದನೆಯದಾಗಿ, ಒಬ್ಬರ ಟವರನ್ನು ಇನ್ನೊಬ್ಬರ ಗ್ರಾಹಕರಿಗೂ ತೆರೆಯುವರು. ಸರಕಾರದ ಡಿಜಿಟಲ್ ಭಾರತ್ ನಿಧಿಯಿಂದ ನಿಂತ ೪ಜಿ ಟವರುಗಳಲ್ಲಿ ಬಿಎಸ್‌ಎನ್‌ಎಲ್, ಏರ್‌ಟೆಲ್, ಜಿಯೋ ಗ್ರಾಹಕರು ಹೀಗೆ ಹಂಚಿಕೊಳ್ಳುವ ಏರ್ಪಾಡು ೨೦೨೫ನೆಯ ಜನವರಿಯಲ್ಲಿ ಆರಂಭವಾಯಿತು.

ಇದು ಯಾರ ಸೊತ್ತು?

೧೯೯೫ನೆಯ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ರೇಡಿಯೋ ಅಲೆಗಳು ಸಾರ್ವಜನಿಕರ ಸೊತ್ತೆಂದು ತೀರ್ಪು ಕೊಟ್ಟಿತು. ಕಂಪೆನಿಗಳು ಇವುಗಳ ಒಡೆಯರಲ್ಲ. ಹಣ ಕೊಟ್ಟು ನಿಶ್ಚಿತ ಕಾಲದವರೆಗೆ ಬಳಸುವವರು. ಹರಾಜಿನ ಬೆಲೆಯು ಒಳಕೋಣೆಯ ಓದನ್ನು ಹೇಗೆ ಮುಟ್ಟುವುದೆಂಬುದಕ್ಕೆ ಒಂದು ನಿದರ್ಶನ ಸಾಕು. ಗೋಡೆ ದಾಟುವುದರಲ್ಲಿ ಮೇಲಾದ ೭೦೦ರ ಪಟ್ಟಿಯನ್ನು ೨೦೧೬ರಲ್ಲಿ ಹರಾಜಿಗಿಟ್ಟಾಗ, ದೇಶಾದ್ಯಂತ ಒಂದು ಮೆಗಾಹರ್ಟ್ಸಿಗೆ ಕನಿಷ್ಠ ಬೆಲೆ ೧೧,೪೮೫ ಕೋಟಿ ರೂಪಾಯಿ, ಯಾರೂ ಕೊಳ್ಳಲಿಲ್ಲ. ೨೦೨೧ರಲ್ಲಿಯೂ ಕೊಳ್ಳುವವರಿರಲಿಲ್ಲ. ಬೆಲೆಯನ್ನು ೩,೯೨೭ ಕೋಟಿಗೆ ಇಳಿಸಿದ ಮೇಲೆ ೨೦೨೨ರಲ್ಲಿ ಜಿಯೋ ಕಂಪೆನಿಯು ೨೨ ವಲಯಗಳಲ್ಲಿಯೂ ೧೦ ಮೆಗಾಹರ್ಟ್ಸಿನಂತೆ ತೆಗೆದುಕೊಂಡಿತು. ಆ ನಡುವಣ ವರ್ಷಗಳಲ್ಲಿಯೇ ಶಾಲೆಗಳು ಮುಚ್ಚಿದ್ದವು. ಹಳ್ಳಿಯ ಹುಡುಗಿಗೆ ಹೆಚ್ಚು ಉಪಯೋಗವಾಗಬಹುದಾಗಿದ್ದ ಪಟ್ಟಿಯು ಬೀಳು ಹೊಲದಂತೆ ಬಿದ್ದಿತ್ತು. ಸೊತ್ತು ಎಲ್ಲರದಾದರೆ, ಅದನ್ನು ಬೀಳು ಬಿಟ್ಟ ನಷ್ಟವೂ ಎಲ್ಲರದೇ ಸರಿ.

೨೦೨೨ರ ಜುಲೈ ತಿಂಗಳಲ್ಲಿ ಕೇಂದ್ರ ಸರಕಾರವು ನೆಟ್‌ವರ್ಕಿಲ್ಲದ ೨೪,೬೮೦ ಹಳ್ಳಿಗಳಿಗೆ ೪ಜಿ ಒದಗಿಸುವ ಯೋಜನೆಯನ್ನು ಮಂಜೂರು ಮಾಡಿತು. ಇದು ಒಳ್ಳೆಯದೇ. ಆದರೆ ಹಳ್ಳಿಗೆ ಬಂತೆಂಬುದೂ ಮನೆಯೊಳಗೆ ಬಂತೆಂಬುದೂ ಒಂದೇ ಅಲ್ಲವೆಂದು ನೀವು ಈಗ ಬಲ್ಲಿರಿ.

ಟವರಿನ ಭಯ

ಕೆಲವರು ಟವರು ಹತ್ತಿರವಿದ್ದರೆ ಆರೋಗ್ಯಕ್ಕೆ ಕೇಡೆಂದು ವಿರೋಧಿಸುವರು. ಈ ಅಲೆಗಳು ಎಕ್ಸ್-ರೇ ಕಿರಣಗಳಂತೆ ಪರಮಾಣುಗಳಿಂದ ಇಲೆಕ್ಟ್ರಾನುಗಳನ್ನು ಕಿತ್ತುಹಾಕುವ ಜಾತಿಯವಲ್ಲ. ಅದಲ್ಲದೆ ೨೦೧೨ನೆಯ ಸೆಪ್ಟೆಂಬರಿನಿಂದ ನಮ್ಮ ದೇಶದಲ್ಲಿ ಟವರಿನ ಪ್ರಸರಣಕ್ಕೆ ಅಂತರರಾಷ್ಟ್ರೀಯ ಮಿತಿಯ ಹತ್ತನೆಯ ಒಂದು ಪಾಲನ್ನೇ ಮಿತಿಯಾಗಿ ವಿಧಿಸಿದೆ. ಟವರು ದೂರವಾದಷ್ಟೂ ಕಿವಿಯ ಬಳಿಯ ಫೋನು ತನ್ನ ಶಕ್ತಿಯನ್ನು ಹೆಚ್ಚಿಸಿಕೊಂಡು ಕೂಗಬೇಕಾಗುವುದೆಂಬುದನ್ನೂ ನೆನಪಿನಲ್ಲಿಡಿರಿ.

ಮನೆಯ ಅಭ್ಯಾಸ

ಮಗಳನ್ನು ಜೊತೆಗೆ ಕರೆದುಕೊಂಡು, ಮನೆಯ ಅಂಗಳ, ಪಡಸಾಲೆ, ಅಡುಗೆಮನೆ, ಅವಳು ಓದುವ ಮೂಲೆ, ಈ ನಾಲ್ಕು ಕಡೆಗಳಲ್ಲಿಯೂ ಬೆಳಿಗ್ಗೆ ಮತ್ತು ರಾತ್ರಿ ಒಂದೊಂದು ಕರೆ ಮಾಡಿ, ಒಂದೊಂದು ಪಾಠ ತೆರೆದು, ಫಲವನ್ನು ಕಾಗದದಲ್ಲಿ ಬರೆಯಿರಿ. ಒಂದು ವಾರ ಹೀಗೆ ಮಾಡಿರಿ. ಕಿಟಕಿಯ ಬಳಿ ಸುಧಾರಿಸಿದರೆ ಗೋಡೆಯ ದೋಷ. ತಗಡಿನ ಕೆಳಗೆ ಮಾತ್ರ ಕೆಟ್ಟರೆ ತಗಡಿನ ದೋಷ, ಏಕೆಂದರೆ ಲೋಹವು ಅಲೆಯನ್ನು ಹಿಂದಕ್ಕೆ ತಳ್ಳುವುದು. ರಾತ್ರಿ ಮಾತ್ರ ನಿಧಾನವಾದರೆ ಬಳಕೆದಾರರ ನೂಕುನುಗ್ಗಲಿರಬಹುದು. ಓದುವ ಮೂಲೆಯನ್ನು ಬದಲಿಸುವುದರಿಂದಲೇ ಎಷ್ಟೋ ವೇಳೆ ಪರಿಹಾರವಾಗುವುದು.

ಅದರಿಂದ ಆಗದಿದ್ದರೆ ಆ ಕಾಗದವೇ ನಿಮ್ಮ ಸಾಕ್ಷಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ೨೦೨೪ರಲ್ಲಿ ಮಾಡಿದ ಗುಣಮಟ್ಟದ ನಿಯಮಗಳ ಪ್ರಕಾರ ಕಂಪೆನಿಗಳು ತಮ್ಮ ವ್ಯಾಪ್ತಿಯ ನಕ್ಷೆಗಳನ್ನು ಜಾಲತಾಣಗಳಲ್ಲಿ ಪ್ರಕಟಿಸಬೇಕಾಗಿದೆ. ನಕ್ಷೆಯಲ್ಲಿ ನಿಮ್ಮ ಊರಿಗೆ ಬಣ್ಣ ತುಂಬಿದ್ದು ಮನೆಯೊಳಗೆ ಸೇವೆ ಇಲ್ಲದಿದ್ದರೆ, ೧೯೮ ಎಂಬ ದೂರಿನ ಸಂಖ್ಯೆಗೆ ಕರೆ ಮಾಡಿ ದೂರು ಕೊಟ್ಟು ಅದರ ಕ್ರಮಸಂಖ್ಯೆಯನ್ನು ಬರೆದಿಟ್ಟುಕೊಳ್ಳಿರಿ; ಉತ್ತರ ತೃಪ್ತಿಕರವಲ್ಲದಿದ್ದರೆ ಅದೇ ಕಂಪೆನಿಯ ಮೇಲ್ಮನವಿ ಅಧಿಕಾರಿಗೆ ಬರೆಯಿರಿ. ಒಂದು ಮನೆಯ ದೂರಿಗಿಂತ ಒಂದು ಓಣಿಯ ಹತ್ತು ಮನೆಗಳ ದೂರು ಹೆಚ್ಚು ತೂಗುವುದು. ಬರೆಯುವಾಗ "ನೆಟ್‌ವರ್ಕಿಲ್ಲ" ಎಂದಷ್ಟೇ ಬರೆಯದೆ, "ಬಯಲಿನಲ್ಲಿದೆ, ನಮ್ಮ ಹುಡುಗಿಯರು ಓದುವ ಕೋಣೆಗಳಲ್ಲಿಲ್ಲ" ಎಂದು ಬರೆಯಿರಿ. ಯಾವ ಟವರಿಗೆ ಯಾವ ಪಟ್ಟಿಯನ್ನು ಸೇರಿಸಬೇಕೆಂಬುದನ್ನು ಯಂತ್ರಶಾಸ್ತ್ರಜ್ಞರು ಬಲ್ಲರು. ಯಾವ ಕೋಣೆಗೆ ಅದು ತಲಪಬೇಕೆಂಬುದನ್ನು ತಾಯಂದಿರೇ ಹೇಳಬೇಕು.